ಒಂದಕ್ಷರ ಆಚೀಚೆಯಾದ ಡೊಮೇನ್ ಹೆಸರು ಯಾರದ್ದು?

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಒಂದು ಸಣ್ಣ ತಂತ್ರಾಂಶ ಸಂಸ್ಥೆ ನಡೆಸುತ್ತಿದ್ದೇನೆ. ಸಂಸ್ಥೆಯ ಹೆಸರು ನಾವೇ ಕಟ್ಟಿಕೊಂಡ ಪದ, ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಅದಕ್ಕೆ ಡಾಟ್ ಕಾಮ್ ಸೇರಿಸಿದರೆ ನಮ್ಮ ಜಾಲತಾಣ. ಈಚೆಗೆ ಗ್ರಾಹಕರೊಬ್ಬರು ಆತುರದಲ್ಲಿ ಒಂದು ಅಕ್ಷರವನ್ನು ಎರಡು ಸಲ ಒತ್ತಿದಾಗ ಬೇರೆಯೇ ತಾಣ ತೆರೆದುಕೊಂಡಿತಂತೆ. ಹೋಗಿ ನೋಡಿದರೆ ಅಲ್ಲಿ ನಮ್ಮ ಪ್ರತಿಸ್ಪರ್ಧಿಗಳ ಜಾಹೀರಾತುಗಳೇ ತುಂಬಿವೆ. ದಾಖಲೆಯ ಪ್ರಕಾರ ಆ ಹೆಸರು ಏಳು ವರ್ಷಗಳ ಹಿಂದೆ ನೋಂದಣಿಯಾಗಿದೆ. ಮಾಲೀಕರ ಹೆಸರು ಇರಬೇಕಾದ ಕಡೆ ‘ಗೋಪ್ಯ’ ಎಂದಷ್ಟೇ ಇದೆ. ನಮ್ಮ ಟ್ರೇಡ್‌ಮಾರ್ಕ್ ನೋಂದಣಿಯಾಗಿ ಮೂರೇ ವರ್ಷವಾಯಿತು. ಅವರು ನಮಗಿಂತ ಮೊದಲೇ ನೋಂದಾಯಿಸಿದ್ದರಿಂದ ನಾವು ಸೋತಂತೆಯೇ? ನ್ಯಾಯಾಲಯಕ್ಕೆ ಹೋಗಬೇಕೇ? ಇಲ್ಲವೇ ‘ಎಷ್ಟು ಬೇಕು’ ಎಂದು ಕೇಳಿ ಕೊಂಡುಬಿಡುವುದು ವಾಸಿಯೇ?

ಉತ್ತರ: ಮೊದಲು ಏನು ಮಾಡಬಾರದು ಎಂಬುದನ್ನು ಹೇಳಿಬಿಡುತ್ತೇನೆ. ಅವರಿಗೆ ಇವತ್ತೇ ಪತ್ರ ಬರೆಯಬೇಡಿ. ‘ಎಷ್ಟು ಬೇಕು’ ಎಂದಂತೂ ಕೇಳಲೇಬೇಡಿ. ಡೊಮೇನ್ ವ್ಯಾಜ್ಯದಲ್ಲಿ ಎದುರಾಳಿಯ ದುರುದ್ದೇಶಕ್ಕೆ ಸಿಗಬಹುದಾದ ಒಳ್ಳೆಯ ಸಾಕ್ಷ್ಯಗಳಲ್ಲಿ ಒಂದು, ಅವನಾಗಿಯೇ ಬಂದು ‘ಇಷ್ಟು ಕೊಟ್ಟರೆ ಬಿಟ್ಟುಕೊಡುತ್ತೇನೆ’ ಎನ್ನುವುದು. ಬೆಲೆಯನ್ನು ನೀವೇ ಕೇಳಿದ ಮೇಲೆ ಅವನ ಉತ್ತರಕ್ಕೆ ಆ ತೂಕ ಉಳಿಯುವುದಿಲ್ಲ. ‘ಅವರೇ ಕೊಳ್ಳಲು ಬಂದರು, ನಾನು ವ್ಯಾಪಾರ ಮಾತನಾಡಿದೆ, ಅಷ್ಟೆ’ ಎಂದು ಕೈ ತೊಳೆದುಕೊಳ್ಳುತ್ತಾನೆ. ಇನ್ನೊಂದು ಅಪಾಯವೂ ಇದೆ. ನಿಮ್ಮ ಪತ್ರ ತಲುಪಿದ ಮರುದಿನವೇ ಜಾಹೀರಾತುಗಳೆಲ್ಲ ಮಾಯವಾಗಿ, ಆ ಜಾಗದಲ್ಲಿ ನಾಲ್ಕು ಹೂವಿನ ಚಿತ್ರ, ಒಂದು ಸಾಧುವಾದ ಪ್ರವಾಸಕಥನ ಬಂದು ಕುಳಿತಿರಬಹುದು. ಇಂಥ ರೂಪಾಂತರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ನಿಮ್ಮ ಮುಖ್ಯ ಆತಂಕ. ಇಲ್ಲ, ನೀವು ಸೋತಿಲ್ಲ. ಆದರೆ ಹೆಸರುಗಳು ಒಂದೇ ರೀತಿ ಕಾಣುತ್ತವೆ ಎಂಬ ಒಂದೇ ಕಾರಣಕ್ಕೆ ಗೆದ್ದೂ ಇಲ್ಲ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಎರಡು ಹೆಸರುಗಳನ್ನು ಒಂದರ ಕೆಳಗೊಂದು ಬರೆದು ತಂದು, ‘ನೀವೇ ನೋಡಿ, ಇನ್ನೇನು ಬೇಕು?’ ಎನ್ನುತ್ತಾರೆ. ಹೋಲಿಕೆ ಈ ವ್ಯಾಜ್ಯದ ಹೊಸ್ತಿಲು ಮಾತ್ರ. ಹೊಸ್ತಿಲು ದಾಟಿದ ಮೇಲೆ ವಿಚಾರಣೆಗೆ ಬರುವುದು ಮನಸ್ಸು: ಆ ಹೆಸರನ್ನು ತೆಗೆದುಕೊಂಡ ದಿನ ಅವನ ಮನಸ್ಸಿನಲ್ಲಿ ಏನಿತ್ತು? ಮನಸ್ಸನ್ನು ಯಾರೂ ತೆರೆದು ನೋಡಲಾರರು. ತಾರೀಖು, ತಾಣದ ಹಳೆಯ ಪುಟಗಳು, ಪತ್ರವ್ಯವಹಾರ, ಅದೇ ಮನುಷ್ಯನ ಕೈಯಲ್ಲಿರುವ ಬೇರೆ ಹೆಸರುಗಳು, ಇವುಗಳಿಂದಲೇ ಅದನ್ನು ಊಹಿಸಬೇಕು. ಹಾಗಾಗಿ ನಿಮ್ಮ ಕೆಲಸ ಅಕ್ಷರ ಹೋಲಿಸುವುದರಿಂದಲ್ಲ, ತಾರೀಖು ಹುಡುಕುವುದರಿಂದ ಶುರುವಾಗಬೇಕು.

ಇದು ಹೀಗೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಡೊಮೇನ್ ನೋಂದಣಿಯಲ್ಲಿ ಮೊದಲು ಬಂದವನಿಗೆ ಮೊದಲ ಮಣೆ. ಕೇಳಿದ ಹೆಸರು ಖಾಲಿ ಇದ್ದರೆ ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಡುವ ಸಂಸ್ಥೆ, ಕೊಟ್ಟುಬಿಡುತ್ತದೆ, ಅದು ಯಾರ ಟ್ರೇಡ್‌ಮಾರ್ಕ್ ಎಂದು ವಿಚಾರಿಸುವುದಿಲ್ಲ. 1990ರ ದಶಕದಲ್ಲಿ ಇದನ್ನು ಮೊದಲು ಕಂಡುಕೊಂಡ ಜಾಣರಲ್ಲಿ ಅಮೆರಿಕದ ಡೆನ್ನಿಸ್ ಟೋಪೆನ್ ಒಬ್ಬ. ಹೆಸರಾಂತ ಸಂಸ್ಥೆಗಳ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಡೊಮೇನ್‌ಗಳನ್ನು ನೋಂದಾಯಿಸಿಕೊಂಡಿದ್ದ. ಸಿನಿಮಾ ಕ್ಯಾಮೆರಾಗಳ ಪ್ಯಾನಾವಿಷನ್ ಸಂಸ್ಥೆ ತನ್ನ ಹೆಸರನ್ನು ಕೇಳಿದಾಗ 13,000 ಡಾಲರ್ ಬೆಲೆ ಹೇಳಿದ. ಆ ತಾಣದಲ್ಲಿ ಅವನು ಇಟ್ಟದ್ದು ಇಲಿನಾಯ್ ರಾಜ್ಯದ ಪಾನಾ ಎಂಬ ಊರಿನ ಚಿತ್ರಗಳನ್ನು. ಅಂದರೆ ‘ಪಾನಾ ಊರಿನ ವಿಷನ್’! ಈ ಚಮತ್ಕಾರ ನ್ಯಾಯಾಲಯವನ್ನು ನಗಿಸಲಿಲ್ಲ. 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವನ ವಿರುದ್ಧವೇ ತೀರ್ಪು ಕೊಟ್ಟಿತು. ಆದರೆ ಇಂಥ ಪ್ರತಿಯೊಂದು ಹೆಸರಿಗೂ ವರ್ಷಗಟ್ಟಲೆ ದಾವೆ ನಡೆಸಲು ಯಾರಿಗೆ ಸಾಧ್ಯ? ಎದುರಾಳಿ ಯಾವ ದೇಶದಲ್ಲಿದ್ದಾನೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಅದಕ್ಕಾಗಿ ಡೊಮೇನ್ ವ್ಯವಸ್ಥೆಯ ಮೇಲುಸ್ತುವಾರಿ ನಡೆಸುವ ಐಕ್ಯಾನ್ ಸಂಸ್ಥೆ 1999ರಲ್ಲಿ ಒಂದು ಏಕರೂಪ ವ್ಯಾಜ್ಯ ನೀತಿಯನ್ನು ತಂದಿತು. ಈ ಕ್ಷೇತ್ರದವರು ಅದನ್ನು ಯುಡಿಆರ್‌ಪಿ ಎನ್ನುತ್ತಾರೆ. ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್‌ನಂಥ ಹೆಸರು ಪಡೆಯುವ ಪ್ರತಿಯೊಬ್ಬನೂ ನೋಂದಣಿ ಒಪ್ಪಂದದಲ್ಲಿಯೇ ಈ ನೀತಿಗೆ ತಲೆಬಾಗಿರುತ್ತಾನೆ, ಓದದೆ ಒಪ್ಪಿಗೆಯ ಗುಂಡಿ ಒತ್ತಿದ್ದರೂ ಸರಿ. ಹಾಗಾಗಿ ಅವನು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ನಿಮಗೆ ಚಿಂತೆಯಿಲ್ಲ. ಮೊದಲ ಪ್ರಕರಣ ಕುಸ್ತಿ ಪ್ರದರ್ಶನಗಳ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್‌ನದು. ಆ ಹೆಸರಿನ ಡಾಟ್ ಕಾಮ್ ಪಡೆದ ವ್ಯಕ್ತಿ ಮೂರೇ ದಿನಗಳಲ್ಲಿ ತಾನಾಗಿಯೇ ಸಂಸ್ಥೆಗೆ ಬರೆದು 1,000 ಡಾಲರ್‌ಗೆ ಮಾರುತ್ತೇನೆ ಎಂದಿದ್ದ. 2000ದ ಜನವರಿಯಲ್ಲಿ ಬಂದ ತೀರ್ಪು ಹೆಸರನ್ನು ಸಂಸ್ಥೆಗೆ ವರ್ಗಾಯಿಸಿತು. ಪತ್ರ ಬರೆಯುವ ಕೆಲಸವನ್ನು ಅವರಿಗೇ ಬಿಡಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಈ ನೀತಿಯಡಿ ನೀವು ಮೂರು ಸಂಗತಿಗಳನ್ನು ಸಾಬೀತು ಮಾಡಬೇಕು, ಮೂರನ್ನೂ ಒಟ್ಟಿಗೆ. ನಿಮಗೆ ಹಕ್ಕಿರುವ ಟ್ರೇಡ್‌ಮಾರ್ಕ್‌ಗೆ ಆ ಡೊಮೇನ್ ಹೆಸರು ಸಮಾನವಾಗಿರಬೇಕು ಅಥವಾ ಗೊಂದಲವಾಗುವಷ್ಟು ಹೋಲಬೇಕು. ಹೆಸರು ಪಡೆದವನಿಗೆ ಅದರ ಮೇಲೆ ಹಕ್ಕಾಗಲಿ ನ್ಯಾಯಸಮ್ಮತ ಆಸಕ್ತಿಯಾಗಲಿ ಇರಬಾರದು. ಅವನು ಅದನ್ನು ದುರುದ್ದೇಶದಿಂದ ನೋಂದಾಯಿಸಿರಬೇಕು, ದುರುದ್ದೇಶದಿಂದ ಬಳಸುತ್ತಲೂ ಇರಬೇಕು.

ಮೊದಲನೆಯದು ನಿಮಗೆ ಸುಲಭ. ದೂರನ್ನು ತೀರ್ಮಾನಿಸುವ ಪಂಚರು ಎರಡೂ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಡಾಟ್ ಕಾಮ್ ಎಂಬ ಬಾಲವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೀಲಿಮಣೆಯಲ್ಲಿ ಪಕ್ಕದ ಅಕ್ಷರ ಒತ್ತಿದ್ದು, ಎರಡು ಅಕ್ಷರ ಹಿಂದುಮುಂದಾದದ್ದು, ಒಂದು ಬಿಟ್ಟುಹೋದದ್ದು, ಒಂದು ಇಮ್ಮಡಿಯಾದದ್ದು ಎಲ್ಲವೂ ಇಲ್ಲಿ ಹಳೆಯ ಪರಿಚಯದವು. 2005ರಲ್ಲಿ ಗೂಗಲ್ ಇಂಥದೇ ನಾಲ್ಕು ಹೆಸರುಗಳನ್ನು ಗೆದ್ದುಕೊಂಡಿತು. ‘ಗೂಗ್‌ಕಲ್’ ಎಂಬಂತೆ ಓದಬೇಕಾದ ಒಂದು ವಿಚಿತ್ರ ಹೆಸರೂ ಅವುಗಳಲ್ಲಿತ್ತು. ಕೆ ಮತ್ತು ಎಲ್ ಕೀಲಿಗಳು ಪಕ್ಕಪಕ್ಕ ಇರುವುದಷ್ಟೇ ಆ ಹೆಸರಿನ ಜನ್ಮರಹಸ್ಯ. ಮೂರು ಡಬ್ಲ್ಯೂಗಳ ನಂತರದ ಚುಕ್ಕೆಯನ್ನು ನುಂಗಿ, ಡಬ್ಲ್ಯೂಗಳನ್ನೇ ಹೆಸರಿನ ಭಾಗ ಮಾಡಿಕೊಂಡ ಡೊಮೇನ್‌ಗಳೂ ಇವೆ. ಬ್ರ್ಯಾಂಡ್ ಹೆಸರಿಗೆ ‘ಲಾಗಿನ್’, ‘ಸಪೋರ್ಟ್’ ಎಂಬಂಥ ಪದ ಅಂಟಿಸುವುದು ಈಚಿನ ಚಾಳಿ. ನನ್ನ ಅಂದಾಜಿನಲ್ಲಿ ಕಾಗುಣಿತದ ತಪ್ಪಿಗಿಂತ ಇದೇ ಹೆಚ್ಚು ಅಪಾಯಕಾರಿ, ಏಕೆಂದರೆ ಇಲ್ಲಿ ಓದುಗನ ಕಣ್ಣಿಗೆ ತಪ್ಪೇ ಕಾಣಿಸುವುದಿಲ್ಲ.

ಕಣ್ಣಿಗೆ ಕಾಣದ ಹೋಲಿಕೆಯ ವಿಷಯ ಬಂದಿತಲ್ಲ, ಒಂದು ಉಪಕಥೆ ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಎ’ ಮತ್ತು ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯ ‘ಅ’ ನೋಡಲು ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. 2002ರಲ್ಲಿ ಇಬ್ಬರು ಸಂಶೋಧಕರು ಸಿರಿಲಿಕ್ ಅಕ್ಷರ ಬೆರೆಸಿದ ಮೈಕ್ರೋಸಾಫ್ಟ್ ಹೆಸರನ್ನೇ ನೋಂದಾಯಿಸಿ ತೋರಿಸಿದ್ದರು. 2017ರಲ್ಲಿ ಇನ್ನೊಬ್ಬ ಸಂಶೋಧಕ ಪೂರ್ತಿ ಸಿರಿಲಿಕ್ ಅಕ್ಷರಗಳಲ್ಲೇ ‘ಆ್ಯಪಲ್’ ಎಂದು ಓದಿಕೊಳ್ಳುವ ಡೊಮೇನ್ ಮಾಡಿ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು ಅಸಲಿಯಂತೆಯೇ ತೋರಿಸುವುದನ್ನು ಬಯಲಿಗೆ ತಂದ. ಕನ್ನಡ ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಪರದೆಯ ಮೇಲೆ ಎಷ್ಟು ವ್ಯತ್ಯಾಸವಿದೆ? ‘ಅಂಕ’ ಎಂದು ಬರೆಯುವಾಗ ನಡುವೆ ಅಂಕಿಯ ಸೊನ್ನೆ ಒತ್ತಿ, ಆಮೇಲೆ ಹುಡುಕಿದರೆ ಸಿಗದೆ ಪರದಾಡಿದವರು ನಮ್ಮಲ್ಲಿ ಕಡಿಮೆಯಿಲ್ಲ. ಕನ್ನಡದ ಮತ್ತು ತೆಲುಗಿನ ‘ರ’, ‘ಲ’, ‘ಗ’ಗಳನ್ನು ಬಿಡಿಯಾಗಿ ತೋರಿಸಿದರೆ ಯಾವುದು ಯಾವ ಭಾಷೆಯದೆಂದು ಹೇಳಲು ತಡಕಾಡಬೇಕು. ಇಂಥ ಕಳ್ಳಹೋಲಿಕೆಯ ಡೊಮೇನ್‌ಗಳೂ ಮೊದಲ ಹೊಸ್ತಿಲನ್ನು ಸಲೀಸಾಗಿ ದಾಟುತ್ತವೆ. ಅವುಗಳ ಹಿಂದಿನ ದುರುದ್ದೇಶಕ್ಕೆ ಬೇರೆ ಪುರಾವೆಯೂ ಅಷ್ಟಾಗಿ ಬೇಕಾಗುವುದಿಲ್ಲ.

ಎರಡನೆಯದು, ಹಕ್ಕು ಅಥವಾ ನ್ಯಾಯಸಮ್ಮತ ಆಸಕ್ತಿ. ಇಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ. ಉಝಿ ನಿಸ್ಸಾನ್ ಎಂಬಾತನ ಕಥೆ ಗೊತ್ತಿರಬಹುದು. ಅವನ ಮನೆತನದ ಹೆಸರೇ ನಿಸ್ಸಾನ್. 1980ರಿಂದ ಆ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದ, 1994ರಲ್ಲಿ ತನ್ನ ಕಂಪ್ಯೂಟರ್ ವ್ಯಾಪಾರಕ್ಕೆ ನಿಸ್ಸಾನ್ ಡಾಟ್ ಕಾಮ್ ಪಡೆದಿದ್ದ. 1999ರಲ್ಲಿ ಕಾರು ಕಂಪನಿ ಅವನ ಮೇಲೆ ಒಂದು ಕೋಟಿ ಡಾಲರ್‌ಗಳ ದಾವೆ ಹೂಡಿತು. ವರ್ಷಗಟ್ಟಲೆ ನಡೆದ ಕಾದಾಟದ ಕೊನೆಗೂ ಡೊಮೇನ್ ಅವನ ಕೈಯಲ್ಲೇ ಉಳಿಯಿತು. ಆದರೆ ಇದರಲ್ಲಿ ಹಲವರು ಮರೆಯುವ ಒಂದು ವಿವರವಿದೆ: ಅವನು ಒಂದು ಕಾಲದಲ್ಲಿ ಆ ತಾಣದಲ್ಲಿ ಕಾರುಗಳ ಜಾಹೀರಾತು ಹಾಕಿದ್ದ, ಆ ಬಳಕೆಯನ್ನು ಮಾತ್ರ ನ್ಯಾಯಾಲಯ ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದಿತು. ಮನುಷ್ಯ ಅವನೇ, ಹೆಸರೂ ಅದೇ. ಕಂಪ್ಯೂಟರ್ ಮಾರಿದರೆ ಸರಿ, ಕಾರಿನ ಜಾಹೀರಾತು ಹಾಕಿದರೆ ತಪ್ಪು. ನಿಮ್ಮ ಎದುರಾಳಿಯ ತಾಣದಲ್ಲಿ ಯಾವ ಸರಕಿನ ಜಾಹೀರಾತು ಇದೆ ಎಂಬುದು ಏಕೆ ಮುಖ್ಯ ಎಂದು ಈಗ ಅರ್ಥವಾಗಿರಬೇಕು.

ಮೈಕ್ ರೋ ಎಂಬ ಕೆನಡಾದ ಹದಿನೇಳರ ಹುಡುಗ ತನ್ನ ಹೆಸರಿನ ಮುಂದೆ ‘ಸಾಫ್ಟ್’ ಸೇರಿಸಿ ಡೊಮೇನ್ ಪಡೆದದ್ದೂ ಇದೇ ಜಾತಿಯ ಕಥೆ. ಜೋರಾಗಿ ಓದಿದರೆ ಮೈಕ್ರೋಸಾಫ್ಟ್! ಕಂಪನಿ ಅವನಿಗೆ 10 ಡಾಲರ್ ಕೊಡಲು ಮುಂದಾಯಿತು, ಅವನು 10,000 ಕೇಳಿದ. ಕಂಪನಿಯ ವಕೀಲರು ಆ ಬೇಡಿಕೆಯನ್ನೇ ದುರುದ್ದೇಶದ ಸಾಕ್ಷ್ಯವೆಂದು ಎತ್ತಿ ಹಿಡಿದರು. 2004ರಲ್ಲಿ ವಿಷಯ ಪತ್ರಿಕೆಗಳಿಗೆ ಹೋಗಿ, ಜನ ಹುಡುಗನ ಪರ ನಿಂತು, ಕೊನೆಗೆ ರಾಜಿಯಾಯಿತು. ಕಾನೂನಿನಲ್ಲಿ ಗೆಲ್ಲಬಹುದಾದವರು ಊರಿನ ಬಾಯಲ್ಲಿ ಸೋಲುವುದು ಹೀಗೆ.

ನಿಮ್ಮ ವಿಷಯದಲ್ಲಿ ನೀವು ಅದೃಷ್ಟವಂತರು, ಏಕೆಂದರೆ ನಿಮ್ಮ ಹೆಸರು ಕಟ್ಟಿದ ಪದ. ನಿಘಂಟಿನಲ್ಲಿರುವ ಸಾಮಾನ್ಯ ಪದವನ್ನೇ ಬ್ರ್ಯಾಂಡ್ ಮಾಡಿಕೊಂಡವರಿಗೆ ಎದುರಾಳಿ ‘ನಾನು ಆ ಪದವನ್ನು ಅದರ ಅರ್ಥಕ್ಕಾಗಿ ತೆಗೆದುಕೊಂಡೆ’ ಎಂದು ಸುಲಭವಾಗಿ ಹೇಳಬಲ್ಲ, ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ಯಾವ ಭಾಷೆಯಲ್ಲೂ ಅರ್ಥವಿಲ್ಲದ ಪದವನ್ನು, ಅದೂ ಒಂದಕ್ಷರ ತಪ್ಪಿಸಿ, ಅವನು ಎಲ್ಲಿಂದ ತಂದ? ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಬಹುಮಟ್ಟಿಗೆ ಅವನ ಮೇಲೆ ಬೀಳುತ್ತದೆ. ಆದರೂ ಆ ಇಮ್ಮಡಿ ಅಕ್ಷರದ ರೂಪ ಯಾರದಾದರೂ ಕುಲನಾಮವೋ ಯಾವುದಾದರೂ ಭಾಷೆಯ ಪದವೋ ಆಗಿದೆಯೇ ಎಂದು ಒಮ್ಮೆ ಹುಡುಕಿ ನೋಡಿ. ದೂರು ಕೊಟ್ಟ ಮೇಲೆ ಅದು ಗೊತ್ತಾಗುವುದು ಬೇಡ.

ಈಗ ಮೂರನೆಯದಕ್ಕೆ, ನಿಮ್ಮ ಏಳು ವರ್ಷ–ಮೂರು ವರ್ಷದ ಗಂಟಿಗೆ ಬರೋಣ. ಸಾಮಾನ್ಯ ನಿಯಮ ನಿಮ್ಮ ಭಯವನ್ನು ಸಮರ್ಥಿಸುತ್ತದೆ: ಟ್ರೇಡ್‌ಮಾರ್ಕ್ ಹುಟ್ಟುವ ಮೊದಲೇ ಪಡೆದ ಡೊಮೇನನ್ನು ಆ ಟ್ರೇಡ್‌ಮಾರ್ಕ್ ಮೇಲೆ ಕಣ್ಣಿಟ್ಟು ಪಡೆದದ್ದು ಎನ್ನಲಾಗದು. ಆದರೆ ನಿಮ್ಮ ಟ್ರೇಡ್‌ಮಾರ್ಕ್ ಹುಟ್ಟಿದ್ದು ಯಾವಾಗ? ನೋಂದಣಿ ಪತ್ರ ಬಂದ ದಿನವಲ್ಲ. ಹನ್ನೆರಡು ವರ್ಷಗಳಿಂದ ಆ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದೀರಿ. ಬಳಕೆಯಿಂದಲೇ ಜನರ ಮನಸ್ಸಿನಲ್ಲಿ ಆ ಹೆಸರು ನಿಮ್ಮದೆಂದು ಊರಿದ್ದರೆ, ನೋಂದಣಿಯಾಗದ ಟ್ರೇಡ್‌ಮಾರ್ಕ್‌ಗೂ ಈ ನೀತಿ ಬೆಲೆ ಕೊಡುತ್ತದೆ. ಬರೀ ‘ನಾವು ಆಗಲೇ ಇದ್ದೆವು’ ಎಂದರೆ ಸಾಲದು, ತೋರಿಸಬೇಕು: ಏಳು ವರ್ಷಗಳ ಹಿಂದಿನ ಬಿಲ್ಲುಗಳು, ಜಾಹೀರಾತು ಖರ್ಚಿನ ಲೆಕ್ಕ, ಪತ್ರಿಕೆಗಳಲ್ಲಿ ಬಂದ ಉಲ್ಲೇಖ, ಗ್ರಾಹಕರ ಸಂಖ್ಯೆ, ಆ ಕಾಲದ ನಿಮ್ಮ ತಾಣದ ಪುಟಗಳು. ಹಳೆಯ ಕಡತವನ್ನು ಗೆದ್ದಲಿಗೆ ಬಿಡದವರು ಇಲ್ಲಿ ಗೆಲ್ಲುತ್ತಾರೆ.

ಇನ್ನೊಂದು ಸಾಧ್ಯತೆ ಇದಕ್ಕಿಂತ ಸ್ವಾರಸ್ಯಕರ. ದಾಖಲೆಯಲ್ಲಿ ಕಾಣುವ ಏಳು ವರ್ಷ ಡೊಮೇನಿನ ವಯಸ್ಸು, ಈಗಿನ ಮಾಲೀಕನದಲ್ಲ. ಯಾರೋ ಏಳು ವರ್ಷಗಳ ಹಿಂದೆ ನೋಂದಾಯಿಸಿದ್ದನ್ನು ಇವನು ಕಳೆದ ವರ್ಷ ಕೊಂಡಿರಬಹುದು. ಹಾಗಾಗಿದ್ದರೆ ಪಂಚರು ಲೆಕ್ಕ ಹಾಕುವುದು ಇವನು ಪಡೆದ ದಿನದಿಂದ. ಅದೇ ಮನುಷ್ಯ ವರ್ಷ ವರ್ಷ ನವೀಕರಿಸುತ್ತಾ ಬಂದಿದ್ದರೆ ಮಾತ್ರ ನವೀಕರಣವನ್ನು ಹೊಸ ನೋಂದಣಿ ಎಂದು ಪರಿಗಣಿಸುವುದಿಲ್ಲ. ಕೈ ಬದಲಾದದ್ದನ್ನು ಹೇಗೆ ಪತ್ತೆ ಮಾಡುವುದು? ಇಂಟರ್‌ನೆಟ್ ಆರ್ಕೈವ್‌ನಲ್ಲಿ ಆ ವಿಳಾಸದ ಹಳೆಯ ಪುಟಗಳನ್ನು ವರ್ಷವಾರು ತೆರೆದು ನೋಡಿ. ಮೂರು ವರ್ಷ ಖಾಲಿ ಬಿದ್ದಿದ್ದ ಪುಟದಲ್ಲಿ ಇದ್ದಕ್ಕಿದ್ದಂತೆ ನಿಮ್ಮ ಕ್ಷೇತ್ರದ ಜಾಹೀರಾತುಗಳು ಬಂದಿದ್ದರೆ ಅಲ್ಲೇನೋ ನಡೆದಿದೆ. ಹಳೆಯ ನೋಂದಣಿ ದಾಖಲೆಗಳನ್ನು ಸಂಗ್ರಹಿಸಿಡುವ ಸೇವೆಗಳೂ ಇವೆ. ರಿಜಿಸ್ಟ್ರಾರ್ ಬದಲಾದದ್ದು, ನೇಮ್ ಸರ್ವರ್ ಬದಲಾದದ್ದು, ಗೋಪ್ಯತೆಯ ಪರದೆ ಇಳಿಬಿದ್ದ ತಾರೀಖು, ಇವೆಲ್ಲ ಸುಳಿವುಗಳು. ಯುರೋಪಿನ ದತ್ತಾಂಶ ರಕ್ಷಣಾ ನಿಯಮ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಮಾಲೀಕರ ಹೆಸರು ಬಹುತೇಕ ಎಲ್ಲ ಕಡೆ ಮುಚ್ಚಿಹೋಗಿದೆ. ಆದ್ದರಿಂದ ‘ಗೋಪ್ಯ’ ಎಂದಿರುವುದನ್ನೇ ಕಳ್ಳತನದ ಗುರುತು ಎಂದುಕೊಳ್ಳಬೇಡಿ, ನಿಮ್ಮ ತಾಣದ ದಾಖಲೆಯೂ ಹಾಗೆಯೇ ಇರಬಹುದು.

ನೋಂದಣಿಯ ಉದ್ದೇಶವಾಯಿತು, ಬಳಕೆಯ ಉದ್ದೇಶ? ಅದನ್ನು ನಿಮ್ಮ ಪ್ರತಿಸ್ಪರ್ಧಿಗಳ ಜಾಹೀರಾತುಗಳೇ ಹೇಳುತ್ತಿವೆ. ನಿಮ್ಮ ಹೆಸರಿನ ಮೇಲಿನ ಗೊಂದಲದಿಂದ ಜನರನ್ನು ಸೆಳೆದು ಹಣ ಮಾಡುವುದನ್ನು ನೀತಿಯೇ ದುರುದ್ದೇಶದ ಉದಾಹರಣೆಯಾಗಿ ಎತ್ತಿ ಹೇಳುತ್ತದೆ. ‘ಆ ಜಾಹೀರಾತುಗಳನ್ನು ನಾನು ಹಾಕಿದ್ದಲ್ಲ, ಪಾರ್ಕಿಂಗ್ ಸೇವೆಯವರ (ಖಾಲಿ ಡೊಮೇನ್‌ಗಳಲ್ಲಿ ಜಾಹೀರಾತು ತುಂಬುವವರ) ಯಂತ್ರ ತಾನಾಗಿಯೇ ಹಾಕಿತು’ ಎಂಬ ಸಬೂಬು ಬರುತ್ತದೆ. ಪಂಚರು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ತನ್ನ ಹೆಸರಿನಲ್ಲಿರುವ ತಾಣಕ್ಕೆ ಅವನೇ ಹೊಣೆ. ತಾಣ ಪೂರ್ತಿ ಖಾಲಿ ಇದ್ದರೂ ತಪ್ಪಿಸಿಕೊಳ್ಳಲಾಗದು ಎಂಬುದು 2000ದಲ್ಲಿ ಆಸ್ಟ್ರೇಲಿಯಾದ ದೂರವಾಣಿ ಸಂಸ್ಥೆ ಟೆಲ್‌ಸ್ಟ್ರಾದ ಪ್ರಕರಣದಿಂದಲೇ ನೆಲೆಯಾದ ಮಾತು. ಎಲ್ಲರಿಗೂ ಗೊತ್ತಿರುವ ಹೆಸರನ್ನು ಹಿಡಿದುಕೊಂಡು, ಸುಳ್ಳು ವಿಳಾಸ ಕೊಟ್ಟು, ಸುಮ್ಮನೆ ಕುಳಿತದ್ದೇ ಅಲ್ಲಿ ದುರುದ್ದೇಶದ ಬಳಕೆಯಾಯಿತು.

ಈ ಜಾಹೀರಾತಿನ ದಂಧೆಯಲ್ಲಿ ಏನಿದೆ ಎಂದು ಕೇಳುವವರಿಗೆ ಅಮೆರಿಕದ ಜಾನ್ ಝುಕ್ಕಾರಿನಿಯ ಉದಾಹರಣೆ ಸಾಕು. ಕಾಗುಣಿತ ತಪ್ಪಿದ ಸಾವಿರಾರು ಡೊಮೇನ್‌ಗಳನ್ನು ಇಟ್ಟುಕೊಂಡು, ಒಂದೊಂದು ಕ್ಲಿಕ್ಕಿಗೆ 10ರಿಂದ 25 ಸೆಂಟ್ ಪಡೆಯುತ್ತಿದ್ದ. ಹೀಗೆ ವರ್ಷಕ್ಕೆ ಎಂಟು ಲಕ್ಷದಿಂದ ಹತ್ತು ಲಕ್ಷ ಡಾಲರ್ ಗಳಿಸುತ್ತಿದ್ದನೆಂದು ನ್ಯಾಯಾಲಯದ ದಾಖಲೆಯಲ್ಲೇ ಇದೆ. ಎಲೆಕ್ಟ್ರಾನಿಕ್ಸ್ ಬೂಟಿಕ್ ಎಂಬ ಮಳಿಗೆ ಸಂಸ್ಥೆಯ ಹೆಸರನ್ನು ಐದು ಬಗೆಯಲ್ಲಿ ತಪ್ಪಾಗಿ ಬರೆದದ್ದಕ್ಕೆ 2000ದಲ್ಲಿ ಹೆಸರಿಗೆ ಒಂದು ಲಕ್ಷದಂತೆ ಐದು ಲಕ್ಷ ಡಾಲರ್ ಪರಿಹಾರ ತೆರಬೇಕೆಂಬ ಆದೇಶವಾಯಿತು. ಅಮೆರಿಕ 1999ರಲ್ಲೇ ಮಾಡಿದ ಸೈಬರ್‌ಸ್ಕ್ವಾಟಿಂಗ್ (ಬೇರೆಯವರ ಹೆಸರಿನ ಡೊಮೇನ್ ಹಿಡಿದಿಟ್ಟುಕೊಳ್ಳುವುದರ) ವಿರೋಧಿ ಕಾನೂನಿನಲ್ಲಿ ಒಂದು ಹೆಸರಿಗೆ ವಿಧಿಸಬಹುದಾದ ಗರಿಷ್ಠ ಮೊತ್ತವೇ ಅದು.

ಇಲ್ಲಿ ನಿಮ್ಮ ‘ನ್ಯಾಯಾಲಯವೇ?’ ಎಂಬ ಪ್ರಶ್ನೆಗೆ ಉತ್ತರವಿದೆ. ಯುಡಿಆರ್‌ಪಿ ಮಾಡಬಲ್ಲದ್ದು ಎರಡೇ: ಹೆಸರನ್ನು ನಿಮಗೆ ವರ್ಗಾಯಿಸುವುದು, ಇಲ್ಲವೇ ರದ್ದು ಮಾಡುವುದು. ಒಂದು ಬಿಡಿಗಾಸು ಪರಿಹಾರವನ್ನೂ ಅದು ಕೊಡಿಸದು, ತಡೆಯಾಜ್ಞೆಯನ್ನೂ ಕೊಡದು. ನಿಮಗೆ ಹಣದ ನಷ್ಟ ಆಗಿದ್ದು, ಎದುರಾಳಿ ಯಾರೆಂದು ಗೊತ್ತಿದ್ದು, ಅವನಿಂದ ವಸೂಲಿ ಸಾಧ್ಯವಿದ್ದರೆ ನ್ಯಾಯಾಲಯಕ್ಕೆ ಅರ್ಥವಿದೆ. ನ್ಯಾಯಾಲಯಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ರೆಡಿಫ್ ಹೆಸರಿನ ಒಂದು ಸ್ವರ ಬದಲಿಸಿದ ‘ರಾಡಿಫ್’ ಡೊಮೇನನ್ನು ಬಾಂಬೆ ಹೈಕೋರ್ಟ್ 1999ರಲ್ಲಿ ತಡೆಹಿಡಿಯಿತು. ಸಿಫಿ ಎಂಬ ಇಂಟರ್‌ನೆಟ್ ಸಂಸ್ಥೆಯ ಹೆಸರಿನ ವ್ಯಾಜ್ಯದಲ್ಲಿ ಭಾರತದ ಸುಪ್ರೀಂ ಕೋರ್ಟ್ 2004ರಲ್ಲಿ, ಡೊಮೇನ್ ಹೆಸರು ಬರೀ ವಿಳಾಸವಲ್ಲ, ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆಗೆ ಅರ್ಹ ಎಂದಿತು. ನಿಮ್ಮದು ಹೆಸರು ಕೈಗೆ ಬಂದರೆ ಸಾಕೆನ್ನುವ ಪ್ರಕರಣ, ಹಾಗಾಗಿ ನನ್ನ ಸಲಹೆ ಯುಡಿಆರ್‌ಪಿ.

ಅದರ ದಾರಿ ಹೀಗಿದೆ. ಜಿನೀವಾದ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಇಂಥ ದೂರುಗಳನ್ನು ನಡೆಸುವವರಲ್ಲಿ ಮುಖ್ಯವಾದದ್ದು. 2023ರಲ್ಲಿ ಒಂದೇ ವರ್ಷ ಅಲ್ಲಿಗೆ ಆರು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಐದು ಹೆಸರುಗಳವರೆಗೆ ಒಬ್ಬ ಪಂಚರಿಗೆ 1,500 ಡಾಲರ್, ಮೂವರ ಪೀಠಕ್ಕೆ 4,000 ಡಾಲರ್ ಶುಲ್ಕ. ವಕೀಲರ ಖರ್ಚು ಬೇರೆ. ಎಲ್ಲವೂ ಇಮೇಲ್‌ನಲ್ಲಿ, ಯಾರೂ ಎಲ್ಲಿಗೂ ಹೋಗಬೇಕಿಲ್ಲ. ದೂರು ಸೇರಿದ ಕೂಡಲೇ ರಿಜಿಸ್ಟ್ರಾರ್ ಆ ಡೊಮೇನ್ ಕೈ ಬದಲಾಗದಂತೆ ಬೀಗ ಹಾಕಬೇಕು, ಮಾಲೀಕನ ನಿಜವಾದ ವಿವರವನ್ನು ವೈಪೋಗೆ ಒಪ್ಪಿಸಬೇಕು. ಹೆಸರು ಗೊತ್ತಿಲ್ಲದವನ ಮೇಲೆ ದೂರು ಕೊಡುವುದು ಹೇಗೆ ಎಂಬ ನಿಮ್ಮ ಚಿಂತೆ ಅಲ್ಲಿಗೆ ಮುಗಿಯುತ್ತದೆ. ಹೆಸರು ಬಯಲಾದ ಮೇಲೆ ದೂರನ್ನು ತಿದ್ದಿಕೊಳ್ಳಲು ಅವಕಾಶವಿದೆ. ಅವನಿಗೆ ಉತ್ತರಿಸಲು 20 ದಿನ, ನೇಮಕವಾದ ಮೇಲೆ ಪಂಚರಿಗೆ 14 ದಿನ. ಒಟ್ಟು ಎರಡು ತಿಂಗಳ ಆಸುಪಾಸು ಹಿಡಿಯಬಹುದು. ತೀರ್ಪು ನಿಮ್ಮ ಕಡೆಗಾದರೂ ಹತ್ತು ಕೆಲಸದ ದಿನ ಕಾಯಬೇಕು, ಅಷ್ಟರಲ್ಲಿ ಅವನು ನ್ಯಾಯಾಲಯಕ್ಕೆ ಹೋಗದಿದ್ದರೆ ಹೆಸರು ನಿಮ್ಮದು. ಎಷ್ಟೋ ಪ್ರಕರಣಗಳಲ್ಲಿ ಎದುರಾಳಿ ಬಾಯಿಯೇ ಬಿಡುವುದಿಲ್ಲ. ಆಗಲೂ ಮೂರು ಸಂಗತಿಗಳನ್ನು ನೀವೇ ಸಾಬೀತು ಮಾಡಬೇಕು.

ಒಂದು ಸಣ್ಣ ಉರುಳು ಇದೆ, ನೋಡಿಕೊಳ್ಳಿ. ವಿಚಾರಣೆಯ ಭಾಷೆ ಆ ಡೊಮೇನಿನ ನೋಂದಣಿ ಒಪ್ಪಂದದ ಭಾಷೆ. ರಿಜಿಸ್ಟ್ರಾರ್ ಚೀನಾದ್ದೋ ಜಪಾನಿನದ್ದೋ ಆಗಿದ್ದರೆ, ಭಾಷೆ ಬದಲಿಸಲು ಕಾರಣ ಕೊಟ್ಟು ಕೇಳಿಕೊಳ್ಳಬೇಕು. ಹಾಗೆಯೇ ದೇಶಗಳ ಡೊಮೇನ್‌ಗಳಿಗೆ ನಿಯಮ ಬೇರೆ ಇರಬಹುದು: ಡಾಟ್ ಇನ್ ನೀತಿಯಲ್ಲಿ ದುರುದ್ದೇಶದ ನೋಂದಣಿ ‘ಅಥವಾ’ ಬಳಕೆ, ಎರಡರಲ್ಲೊಂದು ಇದ್ದರೆ ಸಾಕು. ಒಂದು ‘ಅಥವಾ’ ಎಷ್ಟು ಕೆಲಸ ಉಳಿಸುತ್ತದೆ ಎಂದು ನಿಮ್ಮ ಏಳು ವರ್ಷದ ಗಂಟನ್ನು ನೆನೆದರೆ ತಿಳಿಯುತ್ತದೆ.

ಪಂಚರ ತೀರ್ಪು ಅಂತಿಮವೇನಲ್ಲ. ಬಾರ್ಸಿಲೋನಾ ನಗರಸಭೆ ವೈಪೋದಲ್ಲಿ ಗೆದ್ದ ಬಾರ್ಸಿಲೋನಾ ಡಾಟ್ ಕಾಮ್ ಹೆಸರನ್ನು 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಡೊಮೇನ್ ಪಡೆದಿದ್ದವರ ಪರವೇ ತೀರ್ಮಾನಿಸಿತು. ಬರೀ ಊರಿನ ಹೆಸರು ಯಾರೊಬ್ಬರ ಟ್ರೇಡ್‌ಮಾರ್ಕ್ ಅಲ್ಲ ಎಂಬುದು ಅದರ ತರ್ಕ. ಇನ್ನೊಂದು ತೀರ್ಪನ್ನಂತೂ ನಾನು ದೂರುದಾರರಿಗೆ ತಪ್ಪದೆ ಹೇಳುತ್ತೇನೆ. ಅಮೆರಿಕದ ಧರ್ಮಪ್ರಚಾರಕ ಜೆರ್ರಿ ಫಾಲ್ವೆಲ್ ಅವರ ಹೆಸರಿಗೆ ಇನ್ನೊಂದು ‘ಎಲ್’ ಸೇರಿಸಿ ಒಬ್ಬಾತ ಡೊಮೇನ್ ಮಾಡಿದ್ದ. ನಿಮ್ಮ ಪ್ರಕರಣದ ಹಾಗೆಯೇ, ಒಂದಕ್ಷರ ಇಮ್ಮಡಿ! ಆದರೆ ಅಲ್ಲಿದ್ದದ್ದು ಜಾಹೀರಾತಲ್ಲ, ಫಾಲ್ವೆಲ್ ಅವರ ಮಾತುಗಳ ಖಂಡನೆ. 2005ರಲ್ಲಿ ನ್ಯಾಯಾಲಯ ಆತನ ಪರ ನಿಂತಿತು. ತಾಣ ತೆರೆದು ಓದಿದ ಯಾರೂ ಅದನ್ನು ಫಾಲ್ವೆಲ್ ಅವರದೇ ಎಂದು ಭ್ರಮಿಸಲಾರರು ಎಂದಿತು. ಹೋಲಿಕೆ ಹೊಸ್ತಿಲು ಮಾತ್ರ ಎಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಕ್ಕೇ ಇಲ್ಲದ ಹೆಸರನ್ನು ಬೆದರಿಸಿ ಕಿತ್ತುಕೊಳ್ಳಲು ಈ ನೀತಿಯನ್ನು ಬಳಸಿದರೆ, ‘ಡೊಮೇನ್ ಅಪಹರಣದ ಯತ್ನ’ ಎಂದು ಪಂಚರು ತೀರ್ಪಿನಲ್ಲೇ ಬರೆಯುತ್ತಾರೆ. ದಂಡವಿಲ್ಲ, ಆದರೆ ಆ ತೀರ್ಪು ನಿಮ್ಮ ಸಂಸ್ಥೆಯ ಹೆಸರಿನೊಂದಿಗೆ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ.

ಕೊಳ್ಳುವ ವಿಚಾರ. ಕೊಳ್ಳುವುದೇ ತಪ್ಪು ಎಂದು ನಾನು ಹೇಳಲಾರೆ. ಕೆಲವು ಸಲ ಶುಲ್ಕ, ವಕೀಲರು, ಎರಡು ತಿಂಗಳ ತಲೆನೋವು ಎಲ್ಲ ಸೇರಿದರೆ ಕೊಳ್ಳುವುದೇ ಅಗ್ಗ. ಆದರೆ ದುರುದ್ದೇಶ ಎದ್ದು ಕಾಣುವಾಗ ಹಣ ಕೊಟ್ಟರೆ, ಆರು ತಿಂಗಳಲ್ಲಿ ಇನ್ನೊಂದು ಅಕ್ಷರ ತಪ್ಪಿದ ಹೆಸರು ಹುಟ್ಟಿಕೊಳ್ಳುತ್ತದೆ. ಕೊಳ್ಳುವುದೇ ಆದರೆ ಸಾಕ್ಷ್ಯ ಎಲ್ಲ ಕೈಗೆ ಬಂದ ಮೇಲೆ, ನಿಮ್ಮ ಹೆಸರು ಕಾಣಿಸದಂತೆ ಮಧ್ಯವರ್ತಿಯ ಮೂಲಕ ಕೇಳಿಸಿ. ಸಾವಿರ ಡಾಲರಿನೊಳಗೆ ಮುಗಿದರೆ ನಾನು ಬೇಡ ಎನ್ನುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ದೂರಿನ ಶುಲ್ಕವನ್ನು ನೆನಪಿಸಿಕೊಳ್ಳಿ.

ಈ ವಾರವೇ ಮಾಡಬೇಕಾದ ಕೆಲಸ ಇಷ್ಟು. ಆ ತಾಣದ ಎಲ್ಲ ಪುಟಗಳ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ, ವಿಳಾಸಪಟ್ಟಿ ಕಾಣುವಂತೆ ತೆಗೆದಿಡಿ, ಜಾಹೀರಾತು ಕ್ಲಿಕ್ಕಿಸಿದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ದಾಖಲಿಸಿ. ಒಂದೇ ದಿನವಲ್ಲ, ಎರಡು ಮೂರು ವಾರ, ಬೇರೆ ಬೇರೆ ಸಾಧನಗಳಿಂದ. ಆ ಹೆಸರಿಗೆ ಇಮೇಲ್ ಸ್ವೀಕರಿಸುವ ದಾಖಲೆ ಇದೆಯೇ ಎಂದು ನಿಮ್ಮ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ. 2011ರಲ್ಲಿ ಇಬ್ಬರು ಭದ್ರತಾ ಸಂಶೋಧಕರು ದೊಡ್ಡ ಕಂಪನಿಗಳ ವಿಳಾಸಗಳಲ್ಲಿ ಒಂದು ಚುಕ್ಕೆ ಬಿಟ್ಟುಹೋದಂಥ ಡೊಮೇನ್‌ಗಳನ್ನು ನೋಂದಾಯಿಸಿ ಸುಮ್ಮನೆ ಕುಳಿತರು. ಆರು ತಿಂಗಳಲ್ಲಿ ಅವರ ಪೆಟ್ಟಿಗೆಗೆ ತಪ್ಪಿ ಬಂದು ಬಿದ್ದ ಇಮೇಲ್‌ಗಳು 1,20,000, ಒಟ್ಟು 20 ಗಿಗಾಬೈಟ್. ನಿಮ್ಮ ಗ್ರಾಹಕರ ಪತ್ರಗಳೂ ಆ ತಪ್ಪು ವಿಳಾಸಕ್ಕೆ ಹೋಗುತ್ತಿರಬಹುದು. ಅಲ್ಲಿಂದ ನಿಮ್ಮ ಹೆಸರಿನಲ್ಲಿ ಬಿಲ್ಲು ಹೊರಟಿರುವುದು ಕಂಡುಬಂದರೆ ಇದು ಟ್ರೇಡ್‌ಮಾರ್ಕ್ ವ್ಯಾಜ್ಯವಲ್ಲ, ವಂಚನೆ. ಆಗ ಎರಡು ತಿಂಗಳು ಕಾಯದೆ ರಿಜಿಸ್ಟ್ರಾರ್‌ನ ದುರ್ಬಳಕೆ ವಿಭಾಗಕ್ಕೂ ಪೊಲೀಸರಿಗೂ ಅಂದೇ ದೂರು ಕೊಡಿ, ಗ್ರಾಹಕರಿಗೆ ಎಚ್ಚರಿಕೆಯ ಪತ್ರ ಕಳುಹಿಸಿ.

ಹೆಸರು ನಿಮ್ಮ ಕೈಗೆ ಬಂದ ದಿನ ಅದನ್ನು ನಿಮ್ಮ ತಾಣಕ್ಕೆ ತಿರುಗಿಸಿ, ತಾನಾಗಿಯೇ ನವೀಕರಣವಾಗುವಂತೆ ಗುರುತು ಹಾಕಿ. ಗೆದ್ದ ಹೆಸರನ್ನು ಯಾರದೋ ಹಳೆಯ ಇಮೇಲ್ ವಿಳಾಸಕ್ಕೆ ನೋಂದಾಯಿಸಿಟ್ಟು, ನವೀಕರಣದ ಸೂಚನೆ ಬಂದದ್ದೇ ತಿಳಿಯದೆ ಹದಿನಾಲ್ಕು ತಿಂಗಳಿಗೆ ಕಳೆದುಕೊಂಡು, ಎರಡನೆಯ ಸಲ ಅದೇ ದೂರನ್ನು ಹಿಡಿದು ಬಂದವರ ಕಡತ ನನ್ನ ಕಪಾಟಿನಲ್ಲಿದೆ.